ಕ್ರಿಕೆಟ್ ಕಪ್ಪಿಗೆ ಸಾಫ್ಟ್‌ಬಾಲ್ ಟೀಚರ ಹೆಸರು

ಪ್ರಭಾವತಿ ಟೀಚರ್ ಕಳೆದ ಮಂಗಳವಾರ ಸಂಜೆ ಗಂಗೊಳ್ಳಿಯಲ್ಲಿ ತೀರಿಕೊಂಡರು. ಹೃದಯಾಘಾತ.

ಶುಕ್ರವಾರದ ಹೊತ್ತಿಗೆ ಶಾಲೆಯ ಗೇಟಿನಲ್ಲಿ ಫ್ಲೆಕ್ಸ್ ನಿಂತಿತ್ತು: ‘ಕ್ರಿಕೆಟ್ ಪೋಷಕಿ ದಿ. ಪ್ರಭಾವತಿ ಟೀಚರ್ ಸ್ಮರಣಾರ್ಥ ಅಂಡರ್‌ಆರ್ಮ್ ಟೂರ್ನಮೆಂಟ್.’ ಬದುಕಿದ್ದಾಗ ಅವರನ್ನು ಮೈದಾನದಿಂದ ಹೊರಗೆ ಹಾಕಿದ ಟೂರ್ನಮೆಂಟ್ ಕಮಿಟಿಯೇ ಸತ್ತ ಮೇಲೆ ಕಪ್ಪಿಗೆ ಅವರ ಹೆಸರಿಟ್ಟಿತು. ಫೋಟೋದಲ್ಲಿ ಅವರ ಕೈಯಲ್ಲಿದ್ದ ಸಾಫ್ಟ್‌ಬಾಲ್ ಬ್ಯಾಟನ್ನು ಕತ್ತರಿಸಿ ತೆಗೆದಿದ್ದರು.

ಪೋಷಕಿಯಂತೆ! ಅಂಡರ್‌ಆರ್ಮ್ ಕ್ರಿಕೆಟ್ ತಮ್ಮ ಸಾಫ್ಟ್‌ಬಾಲ್ ಹುಡುಗಿಯರಿಗೆ ಅಂಟಿಸಿದ ಚಟವನ್ನು ಬಿಡಿಸುವುದರಲ್ಲೇ ಅವರ ಅರ್ಧ ಆಯುಷ್ಯ ಸವೆದಿತ್ತು. ಇಲ್ಲಿಯ ಹುಡುಗಿಯರು ಮರಳಿನಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದವರು. ನೆಲಕ್ಕೆ ಬಿದ್ದು ಏಳುವ ಚೆಂಡನ್ನು ಅಡಿಯಿಂದ ಎತ್ತಿ ಗೋಡೆಯಾಚೆ ಹಾಕುವುದೇ ಅವರಿಗೆ ಹೊಡೆತ. ಸಾಫ್ಟ್‌ಬಾಲಿನಲ್ಲೂ ಚೆಂಡು ಕೆಳಗಿನಿಂದಲೇ ಎಸೆಯುತ್ತಾರಲ್ಲ, ಇದೂ ಅದೇ ಎಂದುಕೊಂಡು ಹಿಂದಿನ ಭುಜ ಇಳಿಸಿ ಎತ್ತುತ್ತಿದ್ದರು. ಚೆಂಡು ಆಕಾಶಕ್ಕೆ ಹೋಗಿ ಸುಲಭದ ಕ್ಯಾಚಾಗುತ್ತಿತ್ತು.

ಟೀಚರ್ ಭುಜ ಹಿಡಿದು ಹೇಳುತ್ತಿದ್ದರು, “ತಲಿ ಮೇಲ್ ಮೀನ್ ಬುಟ್ಟಿ ಇತ್ತ್ ಅಂದ್ಕೊ. ಹಿಂದಿನ್ ಕಾಲ್ ತಿರ್ಗ್ಲಿ, ಸೊಂಟ ತಿರ್ಗ್ಲಿ, ಕೈ ಕಡಿಗ್ ಬರ್ಲಿ. ಬುಟ್ಟಿ ಮಾತ್ರ ಓರೆ ಆಪುಕಾಗ.”

“ಹಾಂಗಾರೆ ನಮ್ಮಮ್ಮನ್ನೇ ಟೀಮಿಗ್ ಸೇರ್ಸ್ಕಣಿ ಟೀಚರ್!” ಎಂದು ಧನ್ಯಶ್ರೀ ನಗುತ್ತಿದ್ದಳು. ಅವಳ ತಾಯಿ ಜಲಜ ಮೀನು ಮಾರುವವಳು. ಧನ್ಯಶ್ರೀಯನ್ನು ಹೋದ ವರ್ಷ ಜಿಲ್ಲಾ ತಂಡಕ್ಕೆ ತೆಗೆದುಕೊಂಡಿರಲಿಲ್ಲ. ಆಯ್ಕೆಯ ದಿನ ಹೊಡೆದದ್ದೆಲ್ಲ ಆಕಾಶಕ್ಕೇ. ಈ ಭಾನುವಾರ ಬ್ರಹ್ಮಾವರದಲ್ಲಿ ಮತ್ತೆ ಆಯ್ಕೆ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯದು.

ಅದಕ್ಕೆ ಸರಿಯಾಗಿ, ಟೀಚರ್ ಇನ್ನೂ ಇದ್ದಾಗಲೇ, ಕಮಿಟಿಯವರು ಬಂದು, ಹುಡುಗಿಯರು ಬ್ಯಾಟ್ ಹಿಡಿದು ನಿಲ್ಲುವ ಜಾಗದಲ್ಲೇ ಟೂರ್ನಮೆಂಟಿನ ಗ್ಯಾಲರಿ ಕಂಬಗಳಿಗೆ ಹೊಂಡ ತೋಡಿದರು. ಟೀಚರ್ ಹೊಂಡದ ಎದುರು ನಿಂತು ಕೇಳಿದರು, “ಇದೆಂತ ಅಣ್ಣಯ್ಯ?”

ಕಮಿಟಿಯ ಅಧ್ಯಕ್ಷ ಅಣ್ಣಯ್ಯ ಅವರ ಹಳೆಯ ಶಿಷ್ಯ. “ಒಂದ್ ವಾರ ಅಷ್ಟೇ ಅಲ್ದಾ ಟೀಚರೇ. ಹೆಣ್‌ಮಕ್ಕಳಿಗ್ ಎಂತ, ಎಲ್ ಬೇಕಾರೂ ಆಡ್ಲಕ್ಕ್.”

“ಹಾಂಗಾರೆ ನಿನ್ ಕಪ್ ಒಣಮೀನ್ ಅಂಗ್ಳದಗೆ ಮಾಡ್ ಕಾಂಬ!”

ಸುತ್ತ ನಿಂತವರು ನಕ್ಕರು. ಮೈದಾನ ಮಾತ್ರ ಸಿಗಲಿಲ್ಲ.

ಹೀಗೆ, ಮೂವತ್ತು ವರ್ಷ ಆ ನೆಲದ ಕಲ್ಲು ಆರಿಸಿದ ಹೆಂಗಸು ಒಣಮೀನಿನ ಅಂಗಳಕ್ಕೆ ಹೋಗಬೇಕಾಯಿತು. ಎರಡು ತೆಂಗಿನ ಮರಗಳ ನಡುವೆ ಜಲಜ ಹಳೆಯ ಬಲೆ ಕಟ್ಟಿಕೊಟ್ಟಳು. ಟೀಚರ್ ಪೈಪೊಂದನ್ನು ಮರಳಿಗೆ ಹುಗಿದು, ಅದರ ತುದಿಯಲ್ಲಿ ಚೆಂಡು ಇಟ್ಟರು.

ಆ ಮಂಗಳವಾರ ಧನ್ಯಶ್ರೀಯ ಮೊದಲ ಹೊಡೆತ ಹಳೆಯ ಚಟದ್ದೇ. ಚೆಂಡು ಬಲೆಯ ಮೇಲಿಂದ ಹಾರಿ ಒಣಗಲು ಹಾಕಿದ ಮೀನಿನ ಮೇಲೆ ಬಿತ್ತು.

“ಹ್ವಾಯ್ ಟೀಚರೇ, ಬಂಗ್ಡೆಗೂ ಕ್ಯಾಚ್ ಕಲ್ಸ್ತ್ರಿಯಾ?” ಜಲಜ ಕೂಗಿದಳು.

ಟೀಚರ್ ನಗಲಿಲ್ಲ. ಒಂದು ಕೈಯಿಂದ ತಮ್ಮ ಎದೆ ನೀವಿಕೊಳ್ಳುತ್ತಿದ್ದರು. ಇನ್ನೊಂದು ಕೈಯನ್ನು ಹುಡುಗಿಯ ಹಿಂದಿನ ಭುಜದ ಮೇಲಿಟ್ಟು, “ಬುಟ್ಟಿ” ಎಂದಷ್ಟೇ ಅಂದು ದೂರ ಸರಿದರು.

ಹಿಮ್ಮಡಿ ತಿರುಗಿತು, ಸೊಂಟ ತಿರುಗಿತು, ಬ್ಯಾಟ್ ಅಡ್ಡಡ್ಡ ಬಂತು. ಚೆಂಡು ನೇರ ಹೋಗಿ ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡಿತು.

ಟೀಚರ್ ನಿಧಾನ ನಡೆದು ಹೋಗಿ ಚೆಂಡನ್ನು ಬಿಡಿಸಿದರು. ಅಂಟಿದ್ದ ಮೀನಿನ ಪೊರೆಯನ್ನು ಸೆರಗಿನಲ್ಲಿ ಒರೆಸಿದರು. ಮತ್ತೆ ಪೈಪಿನ ಮೇಲಿಟ್ಟು, “ಇನ್ನೊಂದ್” ಎಂದರು.