ಖಾಲಿಗೆ ಖಾಲಿ ಸಮ

ನಾನು ಬರೆದ ಸಾಫ್ಟ್‌ವೇರ್ ತಮಿಳುನಾಡಿನ ಹರೂರಿನಲ್ಲಿ ನನ್ನ ಚಿಕ್ಕಮ್ಮನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಓಡುತ್ತಿತ್ತು. ಯಂತ್ರ ಕೊಟ್ಟ ಅಂಕಿಗಳನ್ನು ಅದು ರಿಪೋರ್ಟಿಗೆ ಇಳಿಸಿ, ಹೆಚ್ಚುಕಮ್ಮಿ ಇದ್ದ ಕಡೆ ಪಕ್ಕದಲ್ಲೊಂದು ಸ್ಟಾರ್ ಹಾಕಬೇಕು. ನೋಡುವವರ ಕಣ್ಣು ಮೊದಲು ಹೋಗುವುದು ಆ ಸ್ಟಾರಿಗೇ. ಕೆಳಗಿನ ಸಹಿ ಮಾತ್ರ ಚಿಕ್ಕಮ್ಮನದು.

ಇದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಶೆಲ್ ಸ್ಕ್ರಿಪ್ಟ್ ಎಂಬ ಆಜ್ಞೆಗಳ ಫೈಲಿನಲ್ಲಿ ಒಂದಿಷ್ಟು ಪರೀಕ್ಷೆಗಳನ್ನು ಬರೆದಿದ್ದೆ. ಅವಕ್ಕೆ ಕೈಯಾಳುಗಳಂತೆ ನಾಲ್ಕೈದು ಪುಟ್ಟ ಫಂಕ್ಷನ್‌ಗಳು. ಅದರಲ್ಲಿ ಹೋಲಿಸಿ ನೋಡುವ ಫಂಕ್ಷನ್ ಎಂದರೆ ನನಗೆ ಬಲು ಮುದ್ದು. ಬರಬೇಕಾದ ಉತ್ತರ ಒಂದು ಕಡೆ, ಬಂದ ಉತ್ತರ ಇನ್ನೊಂದು ಕಡೆ. ಎರಡೂ ಒಂದೇ ಆಗಿದ್ದರೆ ಹಸಿರು ಅಕ್ಷರದಲ್ಲಿ ‘ಪಾಸ್’. ಏಳೇ ಸಾಲು. ಓಮಲೂರಿನ ಮನೆಯಲ್ಲಿ ಕೂತು ಪರದೆ ತುಂಬ ಹಸಿರು ನೋಡಿ ಬೀಗುವುದು ನನಗೊಂದು ಚಟವಾಗಿಹೋಗಿತ್ತು.

ಒಂದು ರಜೆಯ ದಿನ ಲ್ಯಾಪ್‌ಟಾಪ್ ಹೊತ್ತುಕೊಂಡು, ಸೇಲಂನಲ್ಲಿ ಬಸ್ಸು ಬದಲಿಸಿ ಹರೂರಿಗೆ ಹೋದೆ. ಲ್ಯಾಬಿನ ಹೊರಗೆ ಆಗಲೇ ನಾಲ್ಕು ಜನ ಕಾಯುತ್ತಿದ್ದರು. ಚಿಕ್ಕಮ್ಮ ಅವರನ್ನು ಕರೆಯದೆ ಫ್ರಿಜ್ಜಿನಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ಅಂಗೈಯಲ್ಲಿ ಮೆಲ್ಲಗೆ ಉರುಳಿಸತೊಡಗಿದಳು.

“ಅದ್ಯಾರ್ ರಕ್ತ ಚಿಕ್ಕವ್ವ?”

“ಯಾರ್ದೂ ಅಲ್ಲ, ಕಂಟ್ರೋಲು. ಇದ್ರಾಗೆ ಇಮೋಗ್ಲೋಬಿನ್ ಕಮ್ಮಿ ಅಂತ ಮೊದ್ಲೇ ಗೊತ್ತೈತೆ. ಮೆಷಿನ್ನೂ ಕಮ್ಮಿ ಅಂತ ಯೋಳಿದ್ ಮ್ಯಾಲೇನೆ ಜನುಗಳ್ನ ಒಳಿಕ್ ಕರಿಯಾದು.”

“ದಿನಾಲೂನಾ?”

“ದಿನಾಲೂ. ನೀನೂ ಬೇಕಂತ ತಪ್ಪು ಕೊಟ್ಟು ನೋಡ್ತೀಯ ತಾನೇ?”

ಒಂದು ದಿನವೂ ನೋಡಿರಲಿಲ್ಲ. ಹಾಗೆ ಮಾಡಿದರೆ ಏನಾದೀತು ಎಂಬ ಕುತೂಹಲ ಹುಟ್ಟಿದ ಮೇಲೆ ನನಗೆ ಕಾಫಿಯೂ ರುಚಿಸುವುದಿಲ್ಲ. ಮೂಲೆಯ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು, ನನ್ನ ಬಳಿಯಿದ್ದ ಪ್ರತಿಯಲ್ಲಿ ಸ್ಟಾರ್ ಹಾಕುವ ಸಾಲನ್ನೇ ಅಳಿಸಿ ಪರೀಕ್ಷೆ ಓಡಿಸಿದೆ. ಎಲ್ಲವೂ ಪಾಸ್. ಇದೇನು ತಮಾಷೆ ಎಂದು ಇಡೀ ಪ್ರೋಗ್ರಾಂ ಎತ್ತಿ ಬೇರೆಡೆ ಇಟ್ಟೆ. ಆಗಲೂ ಪಾಸ್.

ಕಾರಣದ ಬೆನ್ನು ಹತ್ತಿ ಹೋದೆ. ಎರಡು ತಿಂಗಳ ಹಿಂದೆ ಒಂದು ಫೋಲ್ಡರಿನ ಹೆಸರು ಬದಲಿಸಿದ್ದೆ, ಸ್ಕ್ರಿಪ್ಟಿನಲ್ಲಿ ಹಳೇ ಹೆಸರೇ ಉಳಿದಿತ್ತು. ಬರಬೇಕಾದ ಉತ್ತರದ ಫೈಲೂ ಸಿಗದೆ, ಪ್ರೋಗ್ರಾಮೂ ಸಿಗದೆ, ಎರಡೂ ಕಡೆ ಏನೂ ಇಲ್ಲ. ಖಾಲಿಗೆ ಖಾಲಿ ಸಮ ಎಂದು ನನ್ನ ಮುದ್ದಿನ ಫಂಕ್ಷನ್ ನಂಬಿಕೆಯಿಂದ ಪಾಸ್ ಮಾಡುತ್ತಿತ್ತು. ತಪ್ಪು ಎಷ್ಟು ಚೊಕ್ಕವಾಗಿತ್ತೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ಖುಷಿಯೇ ಆಯಿತು.

ಹೆಸರು ಸರಿಪಡಿಸಿ, ಯಾವ ಕಡೆ ಖಾಲಿ ಇದ್ದರೂ ಫೇಲ್ ಮಾಡುವಂತೆ ಎರಡು ಸಾಲು ಸೇರಿಸಿ, ಲ್ಯಾಬಿನಲ್ಲಿದ್ದ ಪ್ರೋಗ್ರಾಮನ್ನೇ ಪರೀಕ್ಷೆಗೆ ಹಾಕಿದೆ. ಒಂದು ಕೆಂಪು ಸಾಲು ಬಂತು. ಗರ್ಭಿಣಿಯರಿಗೆ ಹಿಮೋಗ್ಲೋಬಿನ್ ಕಮ್ಮಿ ಇದ್ದರೂ ಸ್ಟಾರ್ ಬೀಳುತ್ತಿರಲಿಲ್ಲ. ಹೋದ ತಿಂಗಳು ಮಕ್ಕಳ ರಿಪೋರ್ಟಿಗೆಂದು ನಾನು ಮಾಡಿದ ಬದಲಾವಣೆ ಇದನ್ನು ಕೆಡಿಸಿತ್ತು.

ಖುಷಿ ಅಲ್ಲಿಗೇ ಇಳಿದುಹೋಯಿತು. ಸದ್ದಿಲ್ಲದೆ ಸರಿಮಾಡಿ ಊರಿಗೆ ಹೋಗಿಬಿಡಲೇ ಎಂದೂ ಯೋಚಿಸಿದೆ. ಆದರೆ ಅಚ್ಚಾದ ಕಾಗದಗಳು ಆಗಲೇ ಜನರ ಕೈಯಲ್ಲಿದ್ದವು. ಚಿಕ್ಕಮ್ಮನಿಗೆ ಹೇಳಿದೆ.

“ಎಷ್ಟ್ ದಿನದಿಂದ?” ಎಂದಷ್ಟೇ ಕೇಳಿದಳು.

“ಒಂದ್ ತಿಂಗ್ಳಾಯ್ತು ಚಿಕ್ಕವ್ವ.”

ಮಧ್ಯಾಹ್ನದ ಊಟ ಬಿಟ್ಟು ಇಬ್ಬರೂ ಆ ತಿಂಗಳ ರಿಪೋರ್ಟುಗಳನ್ನು ಒಂದೊಂದಾಗಿ ನೋಡಿದೆವು. ಒಂದು ಸಿಕ್ಕಿತು. ಪಕ್ಕದ ಹಳ್ಳಿಯ ಹೆಂಗಸು, ಏಳು ತಿಂಗಳ ಬಸುರಿ. ಚಿಕ್ಕಮ್ಮ ಫೋನು ಮಾಡಿದಳು. ಸ್ಟಾರ್ ಇಲ್ಲವಲ್ಲ, ಎಲ್ಲ ಸರಿಯಿದೆ ಎಂದುಕೊಂಡು ಆಕೆ ಡಾಕ್ಟರಿಗೆ ತೋರಿಸಿಯೇ ಇರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ, ಏಳು ತಿಂಗಳಲ್ಲವೇ, ಇರುತ್ತದೆ ಎಂದು ಸುಮ್ಮನಿದ್ದಳಂತೆ. ಈಗ ಚಿಕ್ಕಮ್ಮ ನನ್ನ ಹೆಸರು ಎತ್ತುತ್ತಾಳೆ, ಎತ್ತಲೇಬೇಕು ಎಂದು ಕಾಯುತ್ತಾ ನಿಂತೆ.

“ಎಂಗ ತಪ್ಪುಮ್ಮಾ,” ಎಂದಳು ಚಿಕ್ಕಮ್ಮ ತಮಿಳಿನಲ್ಲಿ. ನಮ್ಮ ತಪ್ಪು. ಈಗಲೇ ಹೊರಟು ಬಾ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದಳು.

ಆ ‘ನಮ್ಮ’ದಲ್ಲಿ ಅವಳ ಪಾಲು ಒಂದು ಚೂರೂ ಇರಲಿಲ್ಲ. ಅವಳು ಫೋನು ಇಡುವ ಮೊದಲೇ ನಾನು ಅಳುತ್ತಿದ್ದೆ.