ಅಕ್ಕನ ಕಾರನ್ನು ಎಬ್ಬಿಸುವುದು

ಇವತ್ತು ಬೆಳಿಗ್ಗೆ ಕಾರಿನೊಳಗಿನ ಕಾಲೊರಸನ್ನು ಹೊರಗೆ ತೆಗೆದು ಕಾಂಪೌಂಡಿಗೆ ಬಡಿದೆ. ಕೆಂಪು ಧೂಳು ಎದ್ದು ಮೂಗಿಗೆ ಬಂತು. ಎರಡು ಸಲ ಸೀನಿದೆ. ನಮ್ಮ ಹೊಸಪೇಟೆಯ ಧೂಳಿಗೆ ಈ ಬಣ್ಣವಿಲ್ಲ, ಈ ವಾಸನೆಯೂ ಇಲ್ಲ. ಇದು ಸಂಡೂರಿನದು. ಅದಿರಿನ ಲಾರಿಗಳ ಹಿಂದೆ ಒಮ್ಮೆ ಹೋಗಿ ಬಂದರೆ ಸಾಕು, ಬಿಳಿ ಅಂಗಿಯ ಕಾಲರಿನಲ್ಲಿ ಮೂರು ಒಗೆತದವರೆಗೆ ಉಳಿಯುತ್ತದೆ.

"ರೀ, ಹಂಗ ಒಳಗ ಬರಬ್ಯಾಡ್ರಿ, ಅಲ್ಲೇ ಝಾಡಿಸ್ಕೊಳ್ರಿ" ಎಂದು ಅಡುಗೆಮನೆಯಿಂದ ಸರೋಜ ಕೂಗಿದಳು. ಸರೋಜ ನನ್ನ ಹೆಂಡತಿ. ನಾನು ಝಾಡಿಸಿಕೊಳ್ಳದೆ ಸ್ವಲ್ಪ ಹೊತ್ತು ಹಾಗೇ ನಿಂತೆ. ಇದು ಹೋದ ವಾರದ ಹೊಸ ಧೂಳು ಎಂದು ನನಗೆ ಸಂತೋಷವಾಗಿತ್ತು. ಧೂಳು ಕಂಡು ಸಂತೋಷಪಡುವ ವಯಸ್ಸಾಯಿತೇ ಇವನಿಗೆ ಎಂದು ನೀವು ಅಂದುಕೊಳ್ಳುವ ಮೊದಲು ಇದರ ಹಿನ್ನೆಲೆ ಹೇಳಿಬಿಡುತ್ತೇನೆ.

ಕಾರು ನಮ್ಮಕ್ಕನದು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಸಂಡೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಇಪ್ಪತ್ತೈದು ವರ್ಷದ ಹಿಂದೆ ಭಾವ ಈ ಕಾರನ್ನು ಕೊಂಡರು. ಕೊಂಡ ಮೇಲೆ ಅವರಿಗೆ ಗೊತ್ತಾಗಿದ್ದೇನೆಂದರೆ, ಕಾರು ಓಡಿಸುವುದಿರಲಿ, ಅದರ ಮುಂದಿನ ಸೀಟಿನಲ್ಲಿ ಕೂರುವುದಕ್ಕೂ ತಮಗೆ ಧೈರ್ಯವಿಲ್ಲ ಎಂಬುದು. ಎದುರಿಗೆ ಅದಿರಿನ ಲಾರಿ ಬಂದರೆ ಕಣ್ಣು ಮುಚ್ಚಿಬಿಡುತ್ತಿದ್ದರು. ಹೀಗಾಗಿ ಅಕ್ಕ ಕಲಿತಳು. ಬಂಡ್ರಿಯ ಶಾಲೆಯಲ್ಲಿ ಅವಳು ಟೀಚರ್. ದಿನಾ ಸಂಡೂರಿನಿಂದ ಬಂಡ್ರಿಗೆ, ಬಂಡ್ರಿಯಿಂದ ಸಂಡೂರಿಗೆ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಸುತ್ತಿದ್ದಳು. ಭಾವ ಜೊತೆಗಿದ್ದರೆ ಹಿಂದಿನ ಸೀಟಿನಲ್ಲಿ, ಕೈಚೀಲವನ್ನು ಎದೆಗವಚಿಕೊಂಡು ಕೂರುತ್ತಿದ್ದರು. ಯಾರೋ ದೊಡ್ಡ ಸಾಹೇಬರು ಬಂದರೆಂದು ಒಂದೆರಡು ಸಲ ಪೊಲೀಸರು ಸಲಾಮು ಹೊಡೆದದ್ದೂ ಉಂಟು.

ಭಾವ ತೀರಿಕೊಂಡ ಮೇಲೂ ಓಡಿಸಿದಳು, ನಿವೃತ್ತಿಯಾದ ಮೇಲೂ ಓಡಿಸಿದಳು. ಏಳು ವರ್ಷದ ಹಿಂದೆ ಎಡಮೊಣಕಾಲಿನ ಆಪರೇಷನ್ ಆಯಿತು. ಇನ್ನು ಕ್ಲಚ್ ತುಳಿಯುವಂತಿಲ್ಲ ಎಂದರು ಡಾಕ್ಟರು. ಮಗನ ಬಳಿ ಬೇರೆ ಕಾರಿತ್ತು. ಅಕ್ಕ ನನ್ನನ್ನು ಕರೆಸಿ ಬೀಗದಕೈ ಕೊಟ್ಟಳು.

"ದಿನಾ ಒಮ್ಮೆ ಎಬ್ಬಿಸು ತಮ್ಮಾ. ತಪ್ಪಿಸಬ್ಯಾಡ" ಎಂದಳು. "ನಿನಗ ಆಗಂಗಿಲ್ಲ ಅನ್ನಿಸಿದ ದಿನ ಹೇಳಿಬಿಡು, ಓಡಸೋರಿಗೆ ಕೊಡ್ತೀನಿ. ನಿಂತು ಹಾಳಾಗೋದು ಮಾತ್ರ ಬ್ಯಾಡ."

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ನನ್ನ ಸ್ವಭಾವ. ಅಕ್ಕನ ಮಗ ಕಾರನ್ನು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ ಮರುದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ. ಪೂಜೆಯ ಊದುಬತ್ತಿಯಲ್ಲಿ ಒಂದನ್ನು ತಂದು ಕಾರಿನ ಮುಂದೆಯೂ ತಿರುಗಿಸಿ, ಒಳಗೆ ಕುಳಿತು ಕೀಲಿ ತಿರುಗಿಸುತ್ತಿದ್ದೆ. ಎಂಜಿನ್ ಎದ್ದ ಕೂಡಲೇ ಅಕ್ಕನಿಗೆ ಫೋನು.

"ಎದ್ದತೇನು?"

"ಎದ್ದತಕ್ಕ. ಕೇಳು." ಫೋನನ್ನು ಕಿಟಕಿಯ ಹೊರಗೆ ಹಿಡಿಯುತ್ತಿದ್ದೆ.

"ಹ್ಞೂಂ, ಚಲೋ ಐತಿ. ಚಾ ಆತೇನು?"

"ಆತು. ನಿಂದು?"

"ಆತು. ಸರೋಜ ಆರಾಮಾ?"

"ಆರಾಮದಾಳ. ಪೆಟ್ರೋಲ್ ಸುಡಾಕತ್ತೈತಿ, ಇಡ್ಲೇನು?"

"ಇಡು."

ಎರಡು ನಿಮಿಷ. ಎಂಜಿನ್ ಬಂದ್, ಫೋನೂ ಬಂದ್. ಏಳು ವರ್ಷದಲ್ಲಿ ಜ್ವರ ಬಂದಾಗ ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲ. ನನ್ನ ಶಿಸ್ತಿನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಓಡಿಸುತ್ತಿದ್ದೆಯೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಕೇಳಬಾರದಿತ್ತು. ನನಗೆ ಲೈಸೆನ್ಸ್ ಇದೆ. ಆದರೆ ಭಾವನವರ ಕಣ್ಣು ಮುಚ್ಚುವ ಕಾಯಿಲೆ ಸ್ವಲ್ಪ ನನಗೂ ಇದೆ. ಆಯುಧಪೂಜೆಯ ದಿನ ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದೆ. ಕಂಪ್ಲಿಯಲ್ಲಿ ಒಂದು ಮದುವೆಗೆ ಬಸ್ಸಿನಲ್ಲಿ ಹೋದೆವು. ಹಂಪಿ ನೋಡಲು ಬಂದ ಬೀಗರನ್ನು, ಮನೆ ಮುಂದೆ ಕಾರು ನಿಂತಿರುವಂತೆಯೇ, ಆಟೊ ಹತ್ತಿಸಿ ಕಳಿಸಿದ್ದೇನೆ. ಸಂಡೂರಿಗೆ ವರ್ಷಕ್ಕೆ ಒಂದು ಸಲ, ಅದೂ ಬಸ್ಸಿನಲ್ಲಿ.

ಹೋದ ವರ್ಷ ದಸರೆ ಕಳೆದ ಮೇಲೆ ಕಾರು ಏಳುವುದಕ್ಕೆ ತಡಮಾಡತೊಡಗಿತು. ಕೀಲಿ ತಿರುಗಿಸಿದರೆ ಥಟ್ಟನೆ ಎದ್ದು ಕೂರುತ್ತಿದ್ದದ್ದು, ಈಗ ಊಂ... ಊಂ... ಊಂ... ಎಂದು ನರಳಿ ಏಳುತ್ತಿತ್ತು. ನಾನು ಎಣಿಸತೊಡಗಿದೆ. ಮೊದಲು ಮೂರು ಎಣಿಸುವಷ್ಟರಲ್ಲಿ ಎದ್ದಿತು, ತಿಂಗಳು ಕಳೆದಾಗ ಐದಾಯಿತು, ಸಂಕ್ರಾಂತಿಯ ಹೊತ್ತಿಗೆ ಎಂಟು. ಏರಿಕೆಯಲ್ಲಿ ಒಂದು ಕ್ರಮವಿದೆ ಎಂದು ಕಂಡುಹಿಡಿದೆ. ಅದರಿಂದ ಕಾರಿಗೇನೂ ಉಪಯೋಗವಾಗಲಿಲ್ಲ.

ಪಕ್ಕದ ಮನೆಯ ವೀರಣ್ಣ, ಬಾಳೆಕಾಯಿ ಸಾಗಿಸುವ ಟೆಂಪೋ ಇಟ್ಟುಕೊಂಡವರು, ಕಾಂಪೌಂಡಿನ ಮೇಲಿಂದ ನೋಡಿ, "ಸಂಡೂರು ಗಾಡಿ ಅಲ್ಲೇನ್ರಿ ಸಾರ್, ಒಳಗೆಲ್ಲ ಮಣ್ಣು ತುಂಬೈತಿ, ಏರ್ ಫಿಲ್ಟರ್ ಬದಲಾಯ್ಸ್ರಿ" ಎಂದರು. ಬದಲಾಯಿಸಿದೆ. ಪ್ಲಗ್ ಎಂದರು ಇನ್ನೊಬ್ಬರು. ಹೊಸ ಪ್ಲಗ್ ಹಾಕಿಸಿದೆ. ಪೆಟ್ರೋಲು ಹಳತಾಗಿ ಮಜ್ಜಿಗೆಯಂತೆ ಕೆಟ್ಟಿರಬೇಕು ಎಂದಳು ಸರೋಜ. ಅದನ್ನೂ ತೆಗೆಸಿದೆ. ಎಣಿಕೆ ಹತ್ತಕ್ಕೆ ಬಂತು. ಇಷ್ಟರಲ್ಲಿ ಫೋನಿನಲ್ಲಿ ಅಕ್ಕ, "ಯಾಕ ತಮ್ಮಾ, ಇವತ್ತು ತಡಾ ಆತು?" ಎಂದು ಕೇಳಲು ಶುರುಮಾಡಿದ್ದಳು. ಗಾಡಿ ಕೆಟ್ಟಿದೆ ಎಂದು ಗೊತ್ತಾದರೆ ವಾಪಸು ಕೇಳುತ್ತಾಳೆ. ಓಡಿಸುವವರಿಗೆ ಕೊಡುತ್ತಾಳೆ. ಅಕ್ಕ ನನ್ನನ್ನು ನಂಬಿ ಕೊಟ್ಟದ್ದು ಜೀವನದಲ್ಲಿ ಅದೊಂದೇ. ಅದನ್ನೂ ಉಳಿಸಿಕೊಳ್ಳದವನಾದೆನಲ್ಲ ಎಂಬುದು ನನ್ನ ಸಂಕಟ.

ಶಿವರಾತ್ರಿ ಕಳೆದ ಒಂದು ಸೋಮವಾರ ಕಾರು ಏಳಲೇ ಇಲ್ಲ. ಕಟ್ ಎಂದು ಒಂದು ಸದ್ದು, ಅಷ್ಟೇ. ಫೋನಿನ ಹೊತ್ತಾಗಿತ್ತು. ಮಕ್ಕಳಿಗೆ ಮೂವತ್ತು ವರ್ಷ ಸತ್ಯ ಹೇಳಬೇಕೆಂದು ಹೇಳಿಕೊಟ್ಟ ನಾನು ಆಗ ಮಾಡಿದ ಕೆಲಸ ಕೇಳಿ. ವೀರಣ್ಣನವರ ಟೆಂಪೋ ಹೊರಡಲು ಸಿದ್ಧವಾಗಿ ನಿಂತಿತ್ತು, ಎಂಜಿನ್ ಚಾಲೂ ಇತ್ತು. ಅದರ ಪಕ್ಕಕ್ಕೆ ಹೋಗಿ ಅಕ್ಕನಿಗೆ ಫೋನು ಹಚ್ಚಿದೆ.

"ಎದ್ದತೇನು?"

"ಎದ್ದತಕ್ಕ. ಕೇಳು."

ಅಕ್ಕ ಬಹಳ ಹೊತ್ತು ಕೇಳಿದಳು. ಆಮೇಲೆ ಕೇಳಿದಳು: "ನಮ್ಮ ಗಾಡಿಗೆ ಯಾವಾಗಿಂದ ಡೀಸೆಲ್ ಹಾಕಾಕತ್ತೀಯಲೇ?"

ನಾನು ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನಿಟ್ಟೆ. ಅಷ್ಟು ಸ್ಪಷ್ಟವಾಗಿ ಕೇಳಿಸಿದ ಮಾತು ಬೇರೊಂದಿಲ್ಲ.

ಆ ದಿನವೇ ಮಾಬುಸಾಬನನ್ನು ಕರೆಸಿದೆ. ನನ್ನ ವಯಸ್ಸಿನ ಮೆಕ್ಯಾನಿಕ್, ಮೊದಲು ಅದಿರಿನ ಲಾರಿಗಳನ್ನು ರಿಪೇರಿ ಮಾಡಿ ಈಗ ಮನೆಮನೆಗೆ ಹೋಗಿ ಹಳೆಯ ಕಾರುಗಳನ್ನು ನೋಡುತ್ತಾನೆ. ನಾನು ಬದಲಾಯಿಸಿದ ಸಾಮಾನುಗಳ ಪಟ್ಟಿ ಒಪ್ಪಿಸಿದೆ. ಅವನು ಅದಕ್ಕೆ ಕಿವಿಗೊಡದೆ ಹೆಡ್‌ಲೈಟ್ ಹಚ್ಚಿ ಕೀಲಿ ತಿರುಗಿಸಲು ಹೇಳಿದ. ತಿರುಗಿಸಿದೆ. ದೀಪಗಳು ಮಂಕಾಗಿ ಸತ್ತೇ ಹೋದವು.

"ಸಾರ್, ಎಂಜಿನ್ ಬರಬರ ತಿರುಗಿ ಹತ್ತಲಿಲ್ಲ ಅಂದ್ರ ಪೆಟ್ರೋಲ್ ನೋಡಬೇಕು, ಪ್ಲಗ್ ನೋಡಬೇಕು. ಇದು ತಿರುಗಾಕ ಒದ್ದಾಡತೈತಿ. ಇದರದು ಬ್ಯಾಟ್ರಿ ಕಥಿ."

ಬ್ಯಾಟರಿ ಹಾಕಿಸಿ ಎರಡು ವರ್ಷವಾಗಿಲ್ಲ, ಅದಕ್ಕೆ ಮೊದಲಿನದೂ ಹೀಗೇ ಬೇಗ ಸತ್ತಿತು, ಅಂಗಡಿಯವರು ಮೋಸ ಮಾಡುತ್ತಾರೆ ಎಂದು ನಾನು ಗುಡುಗಿದೆ. ಮಾಬುಸಾಬ ಸರೋಜಳಿಂದ ಒಂದು ಚೊಂಬು ಬಿಸಿನೀರು ಇಸಿದುಕೊಂಡ. ಬ್ಯಾಟರಿಯ ತಂತಿ ಬಿಚ್ಚಿ, ತುದಿಗಳಲ್ಲಿ ಹೂವಿನಂತೆ ಕಟ್ಟಿದ್ದ ಬಿಳಿಹಸಿರು ಪುಡಿಯನ್ನು ತೊಳೆದ.

"ದಿನಾ ಚಾಲೂ ಮಾಡ್ತೀರೇನ್ರಿ?"

"ಏಳು ವರ್ಷದಿಂದ. ಒಂದು ದಿನ ತಪ್ಪಿಸಿಲ್ಲ."

"ಎಷ್ಟೊತ್ತು?"

"ಎರಡು ನಿಮಿಷ."

"ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ."

ಮಾಬುಸಾಬ ಕೈ ಒರೆಸಿಕೊಂಡು ನನ್ನನ್ನು ನೋಡಿದ. "ಗಾಡಿ ಎಬ್ಬಿಸಾಕ ಬ್ಯಾಟ್ರ್ಯಾಗಿಂದ ಭಾಳ ಶಕ್ತಿ ಹೋಕ್ಕೈತ್ರಿ. ಅದು ತಿರುಗಿ ತುಂಬಬೇಕಂದ್ರ ಗಾಡಿ ರಸ್ತ್ಯಾಗ ಓಡಬೇಕು. ನೀವು ತುಂಬಿದ ಕೊಡದಾಗಿಂದ ದಿನಾ ಒಂದು ಚೊಂಬು ನೀರು ತಗೀತೀರಿ, ಒಂದು ಲೋಟ ಹಾಕ್ತೀರಿ. ಸುಮ್ನ ಬಿಟ್ಟಿದ್ರೂ ಇಷ್ಟು ಜಲ್ದಿ ಸಾಯ್ತಿರಲಿಲ್ಲ. ಮೊದಲಿನ ಬ್ಯಾಟ್ರಿ ನಿಮ್ಮ ಪ್ರೀತಿಗೇ ಹೋತು, ಇದೂ ಅದೇ ದಾರಿ ಹಿಡಿದಿತ್ತು."

ಚೊಂಬಿನಲ್ಲಿ ಲೋಟ ಕಳೆಯುವ ಲೆಕ್ಕ. ಐದನೇ ಕ್ಲಾಸಿನದು. ಗಣಿತದ ಮೇಷ್ಟ್ರು ಕಾಂಪೌಂಡಿಗೆ ಒರಗಿ ನಿಂತರು.

"ಹಂಗಾದ್ರ ಏನು ಮಾಡಬೇಕು?"

"ದಿನಾ ಮುಟ್ಟಬ್ಯಾಡ್ರಿ. ವಾರಕ್ಕೊಮ್ಮಿ ಒಂದು ತಾಸು ಎಲ್ಲಿಗಾರ ಹೋಗಿ ಬರ್ರಿ. ನಿಮ್ಮೋರು ಯಾರೂ ಇಲ್ಲೇನ್ರಿ ಒಂದು ತಾಸಿನ ದಾರ್‍ಯಾಗ?"

ಹೊಸಪೇಟೆಯಿಂದ ಸಂಡೂರಿಗೆ ಕಾರಿನಲ್ಲಿ ಒಂದು ತಾಸು. ಬಾಗಿಲಲ್ಲಿ ನಿಂತಿದ್ದ ಸರೋಜ, ತಾನು ಬಂದರೆ ಹಿಂದಿನ ಸೀಟಿನಲ್ಲಿ ಕೂರುವುದಾಗಿ ತಿಳಿಸಿದಳು.

ಮಾಬುಸಾಬ ಬ್ಯಾಟರಿಯನ್ನು ಒಯ್ದು ಚಾರ್ಜಿಗಿಟ್ಟು ಮೂರನೆಯ ದಿನ ತಂದು ಕೂರಿಸಿದ. ಆ ಶನಿವಾರ ಹೊರಟೆವು. ಘಾಟಿಯಲ್ಲಿ ಅದಿರಿನ ಲಾರಿಗಳು ಎದುರಾದವು. ಕಣ್ಣು ತೆರೆದೇ ಇಟ್ಟಿದ್ದೆ ಎಂದು ನಾನು ಹೇಳುತ್ತೇನೆ. ಸರೋಜಳ ಅಭಿಪ್ರಾಯ ಬೇರೆ, ಆದರೆ ಅವಳದು ಮುಚ್ಚಿತ್ತಾದ್ದರಿಂದ ಆ ಸಾಕ್ಷಿ ನಿಲ್ಲುವುದಿಲ್ಲ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬೀಗದಕೈ ಅವಳ ಕೈಗೆ ಕೊಟ್ಟು, ಓಡಿಸುವವರಿಗೆ ಕೊಡು ಅಕ್ಕ ಎಂದುಬಿಡುವುದು. ಬಸ್ಸಿನಲ್ಲಿ ವಾಪಸು ಬರುವುದು.

ಗೇಟಿನ ಮುಂದೆ ಕಾರು ನಿಲ್ಲಿಸುವಷ್ಟರಲ್ಲಿ ಅಕ್ಕ ಕೋಲೂರಿಕೊಂಡು ಅಂಗಳಕ್ಕೆ ಬಂದಿದ್ದಳು. ಬಾನೆಟ್ ಮೇಲೆ ಅಂಗೈಯಿಟ್ಟು ಬಿಸಿ ನೋಡಿದಳು. ನಾನು ಬೀಗದಕೈ ಚಾಚಿ ಎಲ್ಲ ಹೇಳಿದೆ. ಎರಡು ನಿಮಿಷದ್ದು, ಬ್ಯಾಟರಿಯದು, ಟೆಂಪೋದ್ದು.

"ಗೊತ್ತಿತ್ತಲೇ" ಎಂದಳು ಅಕ್ಕ. "ದಿನಾ ಎರಡು ನಿಮಿಷಕ್ಕ ಬಂದ್ ಮಾಡೋದು ಫೋನ್ಯಾಗ ಕೇಳ್ತಿತ್ತಲ್ಲ. ಗಾಡಿ ಎಲ್ಲಿಗೂ ಹೋಗಂಗಿಲ್ಲ ಅಂತ ಮೊದಲ್ನೇ ವಾರನ ತಿಳೀತು."

"ಮತ್ತ ಯಾಕ ಹೇಳಲಿಲ್ಲ? ಓಡಸೋರಿಗೆ ಕೊಡ್ತೀನಿ ಅಂದಿದ್ದಿ?"

ಅಕ್ಕ ಬೀಗದಕೈಯನ್ನು ನನ್ನ ಅಂಗಿಯ ಜೇಬಿಗೆ ಹಾಕಿದಳು. "ಕೊಟ್ಟಿದ್ರ ನೀನು ದಿನಾ ಫೋನ್ ಮಾಡ್ತಿದ್ದೇನು ತಮ್ಮಾ?"

ನನಗೆ ಉತ್ತರ ಗೊತ್ತಿತ್ತು. ಅಳು ಬಂತು. ಧೂಳು ಎಂದೆ; ಸಂಡೂರಿನಲ್ಲಿ ಅದೊಂದು ಅನುಕೂಲ. ಅಕ್ಕ ನಂಬಲಿಲ್ಲ. ಸರೋಜಳನ್ನು ಮನೆಯೊಳಗೆ ಸೊಸೆಯ ಬಳಿ ಕೂರಿಸಿ, ಮಿರ್ಚಿ ಮಂಡಕ್ಕಿ ಹಚ್ಚಿಸಿ, ತಾನು ಮುಂದಿನ ಸೀಟು ಹತ್ತಿ ಕುಳಿತು, "ನಡೀ, ಬಂಡ್ರಿ ತನಕ ಹೋಗಿ ಬರೋಣು" ಎಂದಳು. ದಾರಿಯಲ್ಲೆಲ್ಲ ನನ್ನ ಕ್ಲಚ್ಚನ್ನು ಬೈದಳು. ಶಾಲೆಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ ಬಹಳ ಹೊತ್ತು ಮಾತಾಡಿದೆವು. ಏಳು ವರ್ಷ ದಿನಾ ಮಾತಾಡಿದ ಅಕ್ಕನಿಗೆ ಹೋದ ವರ್ಷ ಕಣ್ಣಿನ ಆಪರೇಷನ್ ಆಗಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದೆ. ಪೆಟ್ರೋಲ್ ಸುಡುತ್ತಿತ್ತಲ್ಲ ಎಂದಳು.

ಈಗ ವಾರದ ದಿನಗಳಲ್ಲಿ ಕಾರನ್ನು ಮುಟ್ಟುವುದಿಲ್ಲ. ಫೋನನ್ನು ಜಗುಲಿಯಲ್ಲಿ ಕುಳಿತು ಮಾಡುತ್ತೇನೆ. ಸುಡುವಂಥದ್ದೇನೂ ಇಲ್ಲವಾದ್ದರಿಂದ ಚಹಾ ಆರಿಹೋಗುವವರೆಗೆ ಮಾತು ನಡೆಯುತ್ತದೆ.

ಇವತ್ತು ಶನಿವಾರ. ಕಾಲೊರಸನ್ನು ಹಾಸಿ, ಒಳಗೆ ಕುಳಿತು ಕೀಲಿ ತಿರುಗಿಸಿದೆ. ಒಂದು ಎಂದು ಎಣಿಸುವ ಮೊದಲೇ ಎದ್ದಿತು. ಹಳೆಯ ಅಭ್ಯಾಸದಿಂದ ಕೈ ಜೇಬಿನ ಫೋನಿಗೆ ಹೋಯಿತು. ಬೇಡವೆಂದು ಹಿಂದಕ್ಕೆ ತೆಗೆದೆ. ಶನಿವಾರ ಬೆಳಿಗ್ಗೆ ಅಕ್ಕ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಾಳೆ. ಗಾಡಿ ಎದ್ದಿತೋ ಇಲ್ಲವೋ ಎಂಬುದನ್ನು ನಾವು ಬೀದಿಯ ತಿರುವಿಗೆ ಬಂದಾಗಲೇ ಅವಳು ಕೇಳಿಸಿಕೊಳ್ಳುತ್ತಾಳೆ.

"ಸರೋಜಾ, ಜಲ್ದಿ ಬಾ" ಎಂದು ಕೂಗಿದೆ. ಅವಳು ಬಂದು, ಹಿಂದಿನ ಬಾಗಿಲಿಗೆ ಕೈ ಹಾಕಿ, ಸ್ವಲ್ಪ ಯೋಚಿಸಿ, ಮುಂದಿನ ಬಾಗಿಲು ತೆಗೆದಳು.