ನಲವತ್ತು ಚೀಲ ಹಾಪ್ಸ್

ಹೂವಿನ ನಡುದಂಟನ್ನು ಎರಡು ಬೆರಳ ನಡುವೆ ಹಿಡಿದು ಮಡಚಿದೆ. ಅದು ಮುರಿಯಲಿಲ್ಲ. ಬಾಗಿತು, ಬೆರಳು ಸಡಿಲಿಸಿದಾಗ ನಿಧಾನವಾಗಿ ನೆಟ್ಟಗಾಯಿತು. ಇನ್ನೊಂದು ಹೂ ತೆಗೆದುಕೊಂಡೆ. ಅದೂ ಹಾಗೆಯೇ. ಹೊರಗಿನ ಎಸಳುಗಳು ಕಾಗದದಂತೆ ಸದ್ದು ಮಾಡುತ್ತಿದ್ದವು. ಒಳಗೆ ದಂಟು ಹಸಿಯಾಗಿತ್ತು.

ಅಮೆರಿಕದ ಕಮ್ಮಿಂಗ್ ಊರಿನ ಹೊಸ ಬಡಾವಣೆಗಳು ಮುಗಿದ ಮೇಲೆ ಸಿಗುವ ಒಂದು ಹೊಲದ ಶೆಡ್ಡಿನಲ್ಲಿ ನಿಂತಿದ್ದೆ. ಆಗಸ್ಟ್‌ನ ಶನಿವಾರ, ಮಧ್ಯಾಹ್ನ ಎರಡು ಗಂಟೆ. ಬೀರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವನ್ನು ಅಲ್ಲಿ ನಾಲ್ಕೇ ಸಾಲು ಬೆಳೆಯುತ್ತಿದ್ದರು, ಮನೆಯಲ್ಲೇ ಬೀರ್ ಮಾಡುವವರಿಗಾಗಿ. ನನ್ನ ಕೈಯಲ್ಲಿದ್ದದ್ದು ಜಾಲರಿಯ ಮೇಲೆ ಉಳಿದಿದ್ದ ಒಂದು ಹಿಡಿ ಹೂ. ಮಿಕ್ಕಿದ್ದೆಲ್ಲ ಗಾಳಿ ತೆಗೆದು ಸೀಲ್ ಮಾಡಿದ ನಲವತ್ತು ಚೀಲಗಳಲ್ಲಿ ಮೇಜಿನ ಮೇಲಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋಮ್‌ಬ್ರೂ ಕ್ಲಬ್ಬಿನವರು ಬಂದು ಅಷ್ಟನ್ನೂ ಒಯ್ಯುವವರಿದ್ದರು.

ಹೊಲ ಒಬ್ಬ ಅಂಕಲ್‌ದು. ವಿಜಯಪುರದ ಕಡೆಯವರು, ಮೂವತ್ತು ವರ್ಷ ಎಂಜಿನಿಯರಾಗಿದ್ದು ನಿವೃತ್ತರಾದವರು. ಕೋವಿಡ್ ಕಾಲದಲ್ಲಿ ಪಕ್ಕದ ಡುಲುತ್ ಊರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಬೀರ್ ಮಾಡಲು ಕಲಿತಿದ್ದೆ, ಯಾರಿಗೂ ಹೇಳಿರಲಿಲ್ಲ. ಹಾಪ್ಸ್ ಬೇಕೆಂದು ಫೋನ್ ಮಾಡಿದಾಗ ನನ್ನ ಇಂಗ್ಲಿಷ್ ಎರಡು ವಾಕ್ಯ ಕೇಳಿ ಅವರು, "ಕನ್ನಡದವರೇನು?" ಎಂದರು. ಹೌದೆಂದೆ. "ಬೀರ್ ಕುದಸ್ತೀಯೇನವಾ? ಛಲೋ ಆತು, ಗುಟ್ಟು ಕಾಯಾಕ ನಮ್ಮನಿಯಾಕಿಗೆ ಒಬ್ಬರು ಜೊತಿ ಸಿಕ್ಕರು," ಎಂದು ನಕ್ಕರು.

ಅವರ ಹೆಂಡತಿ, ಆಂಟಿ, ಬೀರ್ ಕುಡಿಯುವವರಲ್ಲ. ಆದರೆ ಗುಟ್ಟಿನಲ್ಲಿ ಪಾಲುದಾರರು. ಕನ್ನಡ ಕೂಟದ ಹೆಂಗಸರು ಹೊಲದಲ್ಲಿರುವ ಹಾಪ್ಸ್ ಬಳ್ಳಿ ಏನೆಂದು ಕೇಳಿದರೆ, "ನಿದ್ದಿ ಬರ್ಲಿ ಅಂತ ದಿಂಬಿನಾಗ ತುಂಬತಾರ್ರೀ," ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಒಬ್ಬರು ಎರಡು ದಿಂಬಿಗೆ ಹೇಳಿಯೂ ಇಟ್ಟಿದ್ದರು.

ಆ ವರ್ಷ ಕೊಯ್ಲಿನ ನಡುವೆಯೇ, ಹಿಂದಿನ ದಿನ, ಶ್ರಾವಣ ಶುಕ್ರವಾರ ಬಂದಿತ್ತು. ಸಂಜೆ ಆಂಟಿಯ ಮನೆಯಲ್ಲಿ ಅರಿಶಿನ ಕುಂಕುಮ. ಹೂವಿನ ಘಾಟು ಅತಿಥಿಗಳಿಗೆ ತಲುಪಬಾರದೆಂದು ಅಂಕಲ್ ಮಧ್ಯಾಹ್ನದೊಳಗೆ ಎಲ್ಲವನ್ನೂ ಸೀಲ್ ಮಾಡಿಬಿಟ್ಟಿದ್ದರು. ಅದಕ್ಕೂ ಮೊದಲೇ ಬಂದು ತೇವ ಅಳೆದುಕೊಡು ಎಂದು ನನಗೆ ಹೇಳಿದ್ದರು. ನಾನು ಹೋಗಿರಲಿಲ್ಲ.

ಈಗ, ಶನಿವಾರ, ಶೆಡ್ಡಿನಲ್ಲಿದ್ದ ಓವನ್‌ನಲ್ಲಿ ಹತ್ತು ಗ್ರಾಂ ಹೂ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೂ ಮತ್ತೆ ಮತ್ತೆ ನನ್ನ ಪುಟ್ಟ ತಕ್ಕಡಿಯಲ್ಲಿ ತೂಗಿದೆ. ಎಂಟು ಗ್ರಾಂಗೆ ನಿಂತಿತು. ಐದರಲ್ಲೊಂದು ಪಾಲು ನೀರು. ಇರಬೇಕಾದದ್ದು ಅದರ ಅರ್ಧ. ಹೀಗೇ ಹೋದರೆ ಯಾರದೋ ಗ್ಯಾರೇಜಿನಲ್ಲಿ ಎರಡು ವಾರಕ್ಕೆ ಬೂಷ್ಟು ಹಿಡಿಯುತ್ತಿತ್ತು. ಅಂಕಲ್ ಮೂರು ವರ್ಷ ಕಾದ ಮೇಲೆ ಆ ಕ್ಲಬ್ಬು ಮೊದಲ ಸಲ ಅವರ ಇಡೀ ಬೆಳೆ ಕೇಳಿತ್ತು. ಬೂಷ್ಟು ಬಂದ ಚೀಲ ತೆರೆದವರು ಮತ್ತೆ ಕೇಳುವುದಿಲ್ಲ.

ಅಂಕಲ್ ಒಳಗೆ ಬಂದವರು ನನ್ನ ಮುಂದೆ ಲೇಬಲ್‌ಗಳನ್ನೂ ಪೆನ್ನನ್ನೂ ಇಟ್ಟರು. ಪ್ರತಿ ಲೇಬಲ್ಲಿನಲ್ಲೂ ತೇವಾಂಶ ಎಂಬ ಜಾಗ ಖಾಲಿ ಇತ್ತು.

"ನಿನ್ನ ಅಕ್ಷರ ದುಂಡಗದಾವ. ಹತ್ತು ಪರ್ಸೆಂಟ್ ಅಂತ ಬರದಬಿಡು."

"ಇಪ್ಪತ್ತಿದೆ ಅಂಕಲ್."

"ಏನಿಪ್ಪತ್ತು?"

ತಕ್ಕಡಿ ತೋರಿಸಿದೆ. ಅವರು ಅದರ ಕಡೆ ನೋಡಲಿಲ್ಲ. ಜಾಲರಿಯ ಮೇಲಿನ ಹೂವನ್ನು ಹಿಡಿಯಲ್ಲಿ ತುಂಬಿಕೊಂಡು ಹಿಸುಕಿದರು.

"ಹನ್ನೆರಡ ವರ್ಷದಾಂವ ಇದ್ದಾಗಿಂದ ನಮ್ಮ ಅಪ್ಪಾರ ಮಣೂಕ ಶೆಡ್ಡಿನಾಗ ದ್ರಾಕ್ಷಿ ಒಣಿಸೀನಿ. ಕೈಯಾಗ ಹಿಂಗ ಸ್ವಲ್ಪ ಮೆತ್ತಗ ಹತ್ತಿದ್ರ ತಗೀಬೇಕು. ಇನ್ನೊಂದ್ ದಿನ ಬಿಟ್ರ ಕಲ್ಲಾಗ್ತಾವ. ಈ ಕೈಗೆ ಗೊತ್ತದ."

"ಇದು ದ್ರಾಕ್ಷಿ ಅಲ್ಲ ಅಂಕಲ್."

ಹೇಳಬೇಕಾದದ್ದಕ್ಕಿಂತ ಖಾರವಾಗಿ ಹೇಳಿದ್ದೆ. ಅವರ ಮುಖ ಬಿಗಿದುಕೊಂಡಿತು.

"ಹಂಗಾದ್ರ ನಿನ್ನೆ ಬರಬೇಕಿತ್ತು. ಬಾ ಅಂದಿದ್ದೆ. ಯಾಕ ಬರ್ಲಿಲ್ಲ?"

"ಆಫೀಸಲ್ಲಿ ಮೀಟಿಂಗ್ ಇತ್ತು."

ಮೀಟಿಂಗ್ ಇರಲಿಲ್ಲ. ಅತಿಥಿಗಳ ಕಾರುಗಳು, ರೇಷ್ಮೆ ಸೀರೆಗಳು, ಇಲ್ಲಿಗೆ ಹೇಗೆ ಬಂದೆ, ಮದುವೆ ಯಾವಾಗ ಎಂಬ ಮಾತುಗಳನ್ನು ನೆನೆದೇ ಮನೆಯಲ್ಲಿ ಉಳಿದಿದ್ದೆ. ಸಂಜೆಯ ಕಾರ್ಯಕ್ರಮಕ್ಕೆ ಹೆದರಿ ಬೆಳಿಗ್ಗೆಯೂ ಹೋಗದ ನನಗೆ ಅವರ ಪ್ರಶ್ನೆಗೆ ಬೇರೆ ಉತ್ತರ ಕೊಡುವ ಧೈರ್ಯ ಇರಲಿಲ್ಲ.

ಅಂಕಲ್ ಪೆನ್ನನ್ನು ಇನ್ನಷ್ಟು ನನ್ನತ್ತ ಸರಿಸಿದರು. ನಾನು ಕೈ ಮಡಿಲಿನಲ್ಲೇ ಇಟ್ಟುಕೊಂಡೆ. ಬಾಗಿಲಲ್ಲಿ ಮಜ್ಜಿಗೆ ಲೋಟ ಹಿಡಿದು ಆಂಟಿ ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಆಕಿ ಬರಿಯಂಗಿಲ್ಲ ಅಂದ್ರ ಬರಿಯಂಗಿಲ್ಲ," ಎಂದರು ಅವರು. "ನೀವು ಬರೀರಲ್ಲ, ನಿಮಗ ಕೈ ಇಲ್ಲೇನು? ಎಲ್ಲಾ ಗೊತ್ತಿರೋ ಕೈ!"

ಅಂಕಲ್ ಹೊರಗೆ ಹೋದರು. ಬಳ್ಳಿ ಕಡಿದ ಮೇಲೆ ಬರಿಯ ಕಂಬ, ತಂತಿಗಳಷ್ಟೇ ಉಳಿದಿದ್ದ ಸಾಲುಗಳ ನಡುವೆ ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು.

"ಮತ್ತ ಒಣಸಾಕ ಎಷ್ಟು ಹೊತ್ತು ಬೇಕವಾ?" ಆಂಟಿ ತಗ್ಗಿದ ದನಿಯಲ್ಲಿ ಕೇಳಿದರು.

"ಐದಾರು ಗಂಟೆ. ಕ್ಲಬ್ಬಿನವರು ಹತ್ತಕ್ಕೆ ಬರ್ತಾರೆ ಆಂಟಿ."

"ಈಗ ಇವರು ಮುಟ್ಟಗೊಡಂಗಿಲ್ಲ. ನಾಳೆ ಮುಂಜಾನೆ ಆರಕ್ಕ ಬಾ. ಬಾಗಲಾ ತಗದಿರ್ತೀನಿ. ಇವರಿಗೆ ಹೇಳಿದ್ರ ಹೇಳ್ತೀನಿ, ಇಲ್ಲಾಂದ್ರ ಇಲ್ಲ."

ಮನೆಗೆ ಡ್ರೈವ್ ಮಾಡುವಾಗ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಎರಡು ಸಲ ತಪ್ಪಿತು. ಅವರ ಬೆಳೆ, ಅವರ ಹೆಸರು. ಆ ಚೀಲಗಳಿಗೆ ಕತ್ತರಿ ಹಾಕಲು ನಾನು ಯಾರು? ಆದರೆ ಸುಮ್ಮನಿದ್ದರೆ ಹಾಳಾಗುವುದೂ ಅವರ ಹೆಸರೇ.

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗಿದ್ದವರು ಅಂಕಲ್. ಜಾಲರಿಗಳನ್ನು ಒರೆಸಿ ಸಾಲಾಗಿ ಇಟ್ಟಿದ್ದರು, ಹೀಟರ್ ಆಗಲೇ ಬಿಸಿಯಾಗಿತ್ತು. ಒಂದು ಚೀಲವನ್ನೂ ತೆರೆದಿರಲಿಲ್ಲ.

"ಕ್ಲಬ್ಬಿನವರಿಗೆ ನಾ ಫೋನ್ ಮಾಡಂಗಿಲ್ಲ," ಎಂದರು, ನನ್ನ ಕಡೆ ನೋಡದೆ. "ತಪ್ಪಾತು ಅಂತ ಈ ವಯಸ್ಸಿನಾಗ ನಾ ಯಾರಿಗೂ ಹೇಳಾಂವಲ್ಲ."

"ಸರಿ," ಎಂದೆ.

ನಾನು ಸಾಮಾನ್ಯವಾಗಿ ಫೋನ್ ಮಾಡುವವಳಲ್ಲ. ಮೆಸೇಜ್ ಕಳಿಸಿ ಮುಗಿಸುವವಳು. ಕ್ಲಬ್ಬಿಗೆ ತಿಳಿಸುವ ಮುನ್ನ ಚೀಲ ತೆರೆಯಲು ಮನಸ್ಸಾಗದೆ ಏಳಾಗುವವರೆಗೆ ಕಾದು, ಹೊರಗೆ ಹೋಗಿ ಕ್ಲಬ್ಬಿನ ಕಾರ್ಯದರ್ಶಿಗೆ ಕರೆ ಮಾಡಿದೆ. ನಿದ್ದೆ ಬಿಡದ ದನಿ. ಇಂಗ್ಲಿಷಿನಲ್ಲಿ ಹೇಳಿದೆ: ಹೂ ಇನ್ನೂ ಪೂರ್ತಿ ಒಣಗಿಲ್ಲ, ಇವತ್ತು ಮತ್ತೆ ಒಣಗಿಸುತ್ತೇವೆ. ಶುಕ್ರವಾರ ತೇವ ಅಳೆಯಬೇಕಾದವಳು ನಾನು, ಬರಲಿಲ್ಲ. ದಯವಿಟ್ಟು ಸಂಜೆ ಐದಕ್ಕೆ ಬನ್ನಿ, ಬಂದಾಗ ಯಾವ ಚೀಲ ಬೇಕಾದರೂ ತೆರೆದು ನೋಡಿ. ಆತ, ಎಲ್ಲರನ್ನೂ ಕೇಳಬೇಕು, ಬರುತ್ತೇವೆಂದು ಮಾತು ಕೊಡಲಾರೆ ಎಂದ.

ಅದನ್ನು ಹಾಗೆಯೇ ಅಂಕಲ್‌ಗೆ ಹೇಳಿದೆ. ಅವರು ಒಂದು ಜಾಲರಿಯನ್ನು ನನ್ನತ್ತ ಸರಿಸಿದರು. ನಾನು ಕತ್ತರಿ ತೆಗೆದುಕೊಂಡು ಮೊದಲ ಚೀಲದ ಬಾಯಿ ಕತ್ತರಿಸಿದೆ.